ತಾತನ ವಿಶ್ವಕೋಶದ ತಿದ್ದುಪಡಿ ಚೀಟಿಗಳು

ತೆಲ್ಮಾ ಚಿಕ್ಕಮ್ಮನಿಗೆ ಫೋನಿನಲ್ಲಿ ಕುಶಲ ವಿಚಾರಿಸುವ ಅಭ್ಯಾಸವಿಲ್ಲ. ನೇರ ವಿಷಯಕ್ಕೇ ಬರುತ್ತಾಳೆ.

"ಸೋಮವಾರದಿಂದ ಮುಂದಿನ ಕೋಣೇನ ಬ್ಯೂಟಿ ಪಾರ್ಲರ್ ಹುಡುಗಿಗೆ ಕೊಟ್ಟಿದೀನಿ. ಅವಳ ಕನ್ನಡಿಗೆ ಗೋಡೆ ಬೇಕು. ಗೋಡೆ ತುಂಬ ನಿಮ್ಮ ತಾತನ ವಿಶ್ವಕೋಶ ಕೂತಿದೆ. ನೀನೂ ನಿನ್ನ ತಮ್ಮನೂ ಬಂದು ಎತ್ಕೊಂಡು ಹೋಗ್ತೀರೋ, ಇಲ್ಲಾ ಮಕ್ಕಳ ಕೂದಲು ಕತ್ತರಿಸೋವಾಗ ಕುರ್ಚಿ ಎತ್ತರ ಮಾಡ್ಕೊಳ್ಳಮ್ಮ ಅಂತ ಅವಳಿಗೇ ಕೊಟ್ಬಿಡ್ಲೋ?"

ಶನಿವಾರ ಬೆಳಿಗ್ಗೆಯೇ ನಾನು ಮತ್ತು ಎಡಿಸನ್ ರಾಜಧಾನಿ ಮೊಂತೆವಿದಿಯೋ ಬಿಟ್ಟು ನಮ್ಮ ಹುಟ್ಟೂರು ಸಾಲ್ತೋಗೆ ಹೊರಟೆವು. ಎಡಿಸನ್ ನನಗಿಂತ ಮೂರು ವರ್ಷ ಚಿಕ್ಕವನು, ಹಲ್ಲಿನ ಡಾಕ್ಟರು. ಬಾಯಿ ತೆರೆದು ಕೂತವರ ಎದುರು ಒಬ್ಬನೇ ಮಾತಾಡಿ ಮಾತಾಡಿ ಅಭ್ಯಾಸವಾಗಿರುವುದರಿಂದ, ಆರು ಗಂಟೆಯ ದಾರಿಯಲ್ಲಿ ನನಗೆ ಉತ್ತರ ಕೊಡುವ ಅವಕಾಶವೇ ಸಿಗಲಿಲ್ಲ.

ಮನೆ ಮುಟ್ಟಿದಾಗ ಅನೀಬಲ್ ಚಿಕ್ಕಪ್ಪ ಹಿತ್ತಲಿನ ಬಳ್ಳಿ ಚಪ್ಪರದಡಿ ಕೂತು ಸೋರೆ ಬುರುಡೆಯಲ್ಲಿ ಬಿಸಿನೀರು ಹೊಯ್ದ ಮಾಟೆ ಎಲೆಯ ಕಷಾಯವನ್ನು ಕೊಳವೆಯಿಂದ ಹೀರುತ್ತಿದ್ದರು. ನಮ್ಮನ್ನು ನೋಡಿ ಕೊಳವೆಯನ್ನು ಬಾಯಿಂದ ತೆಗೆಯದೆಯೇ ಕೈ ಎತ್ತಿದರು. ಅವರಿಗೆ ಎಂಬತ್ತೈದಾಯಿತು. ಕಿವಿ ಸ್ವಲ್ಪ ಮಂದ, ಮಿಕ್ಕಿದ್ದೆಲ್ಲ ಗಟ್ಟಿ. ಚಿಕ್ಕಮ್ಮ ಅಡುಗೆಮನೆಯಲ್ಲಿ ಕುಂಬಳಕಾಯಿ ಹೆಚ್ಚುತ್ತಿದ್ದಳು. "ಮೊದಲು ಪುಸ್ತಕ ಇಳಿಸಿ, ಆಮೇಲೆ ಊಟ. ಊಟ ಆದ್ಮೇಲೆ ನೀವು ಕೆಲಸ ಮಾಡೋ ಜಾತಿ ಅಲ್ಲ," ಎಂದು ಚಾಕುವಿನಿಂದಲೇ ದಾರಿ ತೋರಿಸಿದಳು.

ಹದಿನಾಲ್ಕು ಸಂಪುಟಗಳು. ಕಡುಹಸಿರು ರಟ್ಟು, ಬೆನ್ನ ಮೇಲೆ ಒಂದು ಕಾಲಕ್ಕೆ ಚಿನ್ನದ ಬಣ್ಣವಿದ್ದ ಅಕ್ಷರಗಳು. ನಾನು ಮೊದಲ ಸಾಲಿನ ಧೂಳು ಒರೆಸುವಷ್ಟರಲ್ಲಿ ಎಡಿಸನ್ ಕುಕ್ಕರುಗಾಲಲ್ಲಿ ಕೂತು ನೇರವಾಗಿ 'ಎಸ್' ಸಂಪುಟವನ್ನೇ ಎಳೆದಿದ್ದ. ಪುಟ ಹುಡುಕಬೇಕಾಗಲಿಲ್ಲ. ಪುಸ್ತಕ ತಾನಾಗಿ ಅಲ್ಲಿಗೇ ತೆರೆದುಕೊಂಡಿತು.

"ಅಕ್ಕಾ," ಅಂದ. "ಇನ್ನೂ ಅಂಟ್ಕೊಂಡೇ ಇದೆ."

ಎರಡು ಬೆರಳಗಲದ ಚೀಟಿ. ಅಂಚು ಕಂದಾಗಿತ್ತು. ನಾವು ಬಳಿದ ಮೈದಾ ಹಿಟ್ಟಿನ ಅಂಟು ಐವತ್ತೈದು ವರ್ಷ ಬಾಳಿತ್ತು.

ತಾತ ಎಂದರೆ ನಮ್ಮಮ್ಮನ ಅಪ್ಪ, ದೋನ್ ಫೌಸ್ತೋ. ಮೂವತ್ತಾರು ವರ್ಷ ಸ್ಟೇಷನ್ ಮಾಸ್ತರರಾಗಿ ಹಸಿರು ಬಾವುಟ ಬೀಸಿ ನಿವೃತ್ತರಾದವರು. ಅಪ್ಪ ಅಮ್ಮ ಇಬ್ಬರೂ ಕಿತ್ತಳೆ ಹಣ್ಣಿನ ಪ್ಯಾಕಿಂಗ್ ಶೆಡ್ಡಿಗೆ ಹೋಗುತ್ತಿದ್ದರಿಂದ ಹಗಲೆಲ್ಲ ನಾವು ತಾತನ ಆಡಳಿತದಲ್ಲಿದ್ದೆವು. ಅಮ್ಮನ ತಂಗಿ ತೆಲ್ಮಾ ಚಿಕ್ಕಮ್ಮನಿಗೆ ಆಗ ಇಪ್ಪತ್ತೇಳು, ಮದುವೆಯಾಗಿರಲಿಲ್ಲ. ಊರ ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ. ಮಧ್ಯಾಹ್ನ ಊಟಕ್ಕೆ ಬಂದು, ಉಗುರಿನ ಮಸಿ ಉಜ್ಜಿಕೊಂಡು, ನಮ್ಮ ಜೊತೆ ಕೂರುತ್ತಿದ್ದಳು.

ಊಟದ ಮೇಜಿಗೆ ತಾತ ಒಂದು ಕಾನೂನು ಮಾಡಿದ್ದರು. ಯಾವ ವಿಷಯಕ್ಕೇ ವಾದ ಬಂದರೂ ತೀರ್ಪು ವಿಶ್ವಕೋಶದ್ದು. ಸೋತವರು ಪಾತ್ರೆ ತೊಳೆಯಬೇಕು.

"ಇದೇನು ಬಿಸಿಲು," ಎಂದು ಶುರು ಮಾಡುತ್ತಿದ್ದರು ತಾತ, ಸೂಪಿಗೆ ಬ್ರೆಡ್ ಅದ್ದುತ್ತ. "ಸಹಾರಾದಲ್ಲಿ ಇದನ್ನ ನೆರಳು ಅಂತಾರೆ. ಅದಿರ್ಲಿ ತೆಲ್ಮಾ, ಸಹಾರಾ ದೊಡ್ಡದೋ ಬ್ರೆಜಿಲ್ ದೊಡ್ಡದೋ?"

"ಬ್ರೆಜಿಲ್ಲೇ ಅಪ್ಪ. ಮರಳು ಎಷ್ಟು ಅಂತ ಇರತ್ತೆ?"

"ಮಕ್ಕಳೇ, ಪುಸ್ತಕ ತನ್ನಿ."

ಪುಸ್ತಕ ಬರುತ್ತಿತ್ತು. ಸಹಾರಾ ಗೆಲ್ಲುತ್ತಿತ್ತು. ಚಿಕ್ಕಮ್ಮ ಅಂಗಿಯ ತೋಳು ಮಡಚಿಕೊಂಡು ತೊಟ್ಟಿಯ ಕಡೆ ಹೋಗುತ್ತಿದ್ದಳು. ತಾತ ಒಮ್ಮೆಯೂ ಪಾತ್ರೆ ತೊಳೆದದ್ದನ್ನು ನಾವು ಕಂಡಿರಲಿಲ್ಲ. ಅವರ ತಲೆಯೊಳಗೆ ಇಡೀ ಪ್ರಪಂಚ ತುಂಬಿದೆಯೆಂದು ನಾನು ನಂಬಿದ್ದೆ. ನನಗೆ ಹನ್ನೊಂದು ವರ್ಷ.

ಎಂಟು ವರ್ಷದ ಎಡಿಸನ್ ನಂಬಲಿಲ್ಲ. ಒಂದು ಮಧ್ಯಾಹ್ನ, ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ ನಮ್ಮನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿದ್ದಾಗ, ಪಕ್ಕದ ಮಂಚದಿಂದ ಪಿಸುಗುಟ್ಟಿದ. "ಅಕ್ಕಾ, ಮೊನ್ನೆ ಸಹಾರಾ. ನಿನ್ನೆ ಸಮೋವಾ. ಇವತ್ತು ಸರ್ದೀನಿಯಾ. ತಾತಂಗೆ ಬೇರೆ ಅಕ್ಷರ ಬರಲ್ವಾ?"

ಮರುದಿನ ಐದು ಗಂಟೆಗೇ ಎದ್ದು ಬಾಗಿಲ ಸಂದಿಯಿಂದ ನೋಡಿದೆವು. ಪ್ರಪಂಚ ತಲೆಯೊಳಗೆ ತುಂಬಿದ್ದ ನಮ್ಮ ತಾತ ಹಿತ್ತಲಿನಲ್ಲಿ ಕೂತು, ಮಾಟೆ ಹೀರುತ್ತ, 'ಎಸ್' ಸಂಪುಟವನ್ನು ತುಟಿಯಾಡಿಸಿ ಓದುತ್ತಿದ್ದರು, ನಾಳೆ ಪರೀಕ್ಷೆ ಇರುವ ಹುಡುಗನ ಹಾಗೆ. ಹತ್ತು ಪುಟ ಮುಗಿಸಿ, ಕಿತ್ತಳೆ ಹಣ್ಣಿಗೆ ಸುತ್ತುವ ತೆಳು ಕಾಗದವನ್ನು ಗುರುತಿಗಿಟ್ಟು, ಪುಸ್ತಕವನ್ನು ಅದರ ಜಾಗಕ್ಕೆ ಸೇರಿಸಿದರು. ಆ ಮಧ್ಯಾಹ್ನ ಊಟಕ್ಕೆ ಸಯಾಮ್ ದೇಶದ ಆನೆಗಳು ಬಂದವು.

"ಮೋಸ," ಅಂದೆ ನಾನು.

"ಮೋಸ ಅಲ್ಲ," ಅಂದ ಎಡಿಸನ್. ಅವನ ಕಣ್ಣು ಹೊಳೆಯುತ್ತಿತ್ತು. "ರೈಲಿನ ಹಾಗೆ. ಯಾವ ದಿನ ಯಾವ ಸ್ಟೇಷನ್ನಿಗೆ ಬರ್ತಾರೆ ಅಂತ ನಮಗೆ ಮೊದಲೇ ಗೊತ್ತಾಗತ್ತೆ."

ಲೆಕ್ಕ ಹಾಕಿದೆವು. ದಿನಕ್ಕೆ ಹತ್ತು ಪುಟದಂತೆ, ತಾತ ಬರುವ ಗುರುವಾರ 'ಸಿಯೆಸ್ತಾ' ಎಂಬ ಶೀರ್ಷಿಕೆ ಮುಟ್ಟುತ್ತಾರೆ. ಸಿಯೆಸ್ತಾ ಎಂದರೆ ಆ ಮಧ್ಯಾಹ್ನದ ನಿದ್ದೆಯೇ. ಅದು ನಮ್ಮ ಬಾಲ್ಯದ ಪರಮಶತ್ರು. ಒಂದರಿಂದ ನಾಲ್ಕರ ತನಕ ಕತ್ತಲೆ ಕೋಣೆ. ಹೊರಗೆ ನದಿ, ಹಿಪ್ಪುನೇರಳೆ ಮರ, ಹೆಂಚಿನ ಮೇಲಿನ ಹಲ್ಲಿಗಳು, ಎಲ್ಲ ನಮಗಾಗಿ ಕಾಯುತ್ತಿದ್ದವು. ಒಳಗೆ ತಾತನ ಗೊರಕೆ.

ವಿಶ್ವಕೋಶದ ಕೆಲವು ಸಂಪುಟಗಳಲ್ಲಿ ಪ್ರಕಾಶಕರೇ ಅಂಟಿಸಿದ ತಿದ್ದುಪಡಿ ಚೀಟಿಗಳಿದ್ದವು. ಇಂಥ ಪುಟದಲ್ಲಿ ಹೀಗಿರುವುದನ್ನು ಹಾಗೆಂದು ಓದಿಕೊಳ್ಳುವುದು, ಎಂದು. ನಮಗೆ ಬೇಕಾಗಿದ್ದು ಅಂಥದೇ ಒಂದು. ಚೀಟಿ ಅಚ್ಚು ಹಾಕಬಲ್ಲವಳು ಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು.

ಚಿಕ್ಕಮ್ಮ ನಮ್ಮ ಕರಡು ಓದಿದಳು. 'ಮಧ್ಯಾಹ್ನ ಮಲಗುವ ಮಕ್ಕಳು ಸತ್ತುಹೋಗುತ್ತಾರೆ' ಎಂದು ಬರೆದಿದ್ದೆವು.

"ಇದನ್ನ ಯಾರು ನಂಬ್ತಾರೆ? ನೀವಿಬ್ರೂ ಬದುಕಿದೀರಲ್ಲ," ಅಂದಳು. "ಸುಳ್ಳು ಹೇಳೋವಾಗ ಒಂಚೂರು ಮರ್ಯಾದೆಯಿಂದ ಹೇಳ್ಬೇಕು. ಎತ್ತರ ಬೆಳೆಯಲ್ಲ ಅಂತ ಹಾಕೋಣ. ಇವನು ಹೇಗೂ ಕುಳ್ಳ."

"ಚಿಕ್ಕಮ್ಮಾ," ಅಂದ ಎಡಿಸನ್ ನೊಂದುಕೊಂಡು.

"ಸಾಕ್ಷಿ ಬೇಡ್ವೇನೋ? ಸರಿ, ಇದರಿಂದ ನನಗೇನು ಸಿಗತ್ತೆ?"

"ಒಂದು ವಾರ ನಿನ್ನ ಪಾತ್ರೆ ನಾವು ತೊಳೀತೀವಿ," ಅಂದೆ.

"ಎರಡು."

ಒಪ್ಪಿದೆವು. ಮೂರನೆಯ ದಿನ ಅವಳು ಸ್ಕರ್ಟಿನ ಜೇಬಿನಿಂದ ಚೀಟಿ ತೆಗೆದಳು. ಹೊಸ ಕಾಗದ ಬೆಳ್ಳಗಿತ್ತು. ಮಾಟೆಯ ನೀರು ಸವರಿ ಬಿಸಿಲಿಗಿಟ್ಟೆವು. ಅರ್ಧ ಗಂಟೆಯಲ್ಲಿ ಅದಕ್ಕೆ ಇಪ್ಪತ್ತು ವರ್ಷ ವಯಸ್ಸಾಯಿತು.

'ತಿದ್ದುಪಡಿ. ಪುಟ 412, ಎರಡನೆಯ ಅಂಕಣ. "ಎಲ್ಲ ವಯಸ್ಸಿನವರಿಗೂ ಹಿತಕರ" ಎಂದಿರುವಲ್ಲಿ "ನಲವತ್ತು ದಾಟಿದವರಿಗೆ ಹಿತಕರ, ಹದಿನಾಲ್ಕು ವರ್ಷದೊಳಗಿನ ಮಕ್ಕಳ ಎತ್ತರವನ್ನು ಕುಂಠಿತಗೊಳಿಸುತ್ತದೆ" ಎಂದು ಓದಿಕೊಳ್ಳುವುದು.'

ಗುರುವಾರ ಊಟಕ್ಕೆ ತಾತ ಯಾವ ದೇಶವನ್ನೂ ತರಲಿಲ್ಲ. ಎಡಿಸನ್‌ನನ್ನೇ ನೋಡುತ್ತ ತಿಂದರು. ಆಮೇಲೆ ಅವನನ್ನು ಕರೆದು, ಪ್ರತಿ ವರ್ಷ ನಮ್ಮ ಎತ್ತರ ಗೀಚುತ್ತಿದ್ದ ಬಾಗಿಲವಾಡಕ್ಕೆ ಒರಗಿಸಿ ನಿಲ್ಲಿಸಿದರು. ಅಳೆದರು. ಇನ್ನೊಂದು ಸಲ ಅಳೆದರು. ಕಳೆದ ವರ್ಷದ ಗೀಟಿಗೂ ಈ ವರ್ಷದ ತಲೆಗೂ ಒಂದು ಬೆರಳಿನ ಅಂತರವೂ ಇರಲಿಲ್ಲ. ಎಡಿಸನ್ ಮಂಡಿಯನ್ನು ಸ್ವಲ್ಪ ಬಗ್ಗಿಸಿದ್ದ ಎಂಬುದು ನನಗೆ ಮಾತ್ರ ಗೊತ್ತಿತ್ತು.

"ಇವತ್ತಿಂದ ಮಕ್ಕಳಿಗೆ ಮಧ್ಯಾಹ್ನ ನಿದ್ದೆ ಇಲ್ಲ," ಎಂದರು ತಾತ. "ಪುಸ್ತಕ ಹೇಳಿದೆ."

ಆರು ದಿನ ನಾವು ರಾಜರು. ನದಿಯಲ್ಲಿ ಕಾಲಾಡಿಸಿದೆವು. ಹಿಪ್ಪುನೇರಳೆ ತಿಂದು ಬಾಯಿ, ಅಂಗಿ, ಕೂದಲು ಎಲ್ಲ ನೇರಳೆ ಮಾಡಿಕೊಂಡೆವು. ಎದುರುಮನೆಯ ಹೊಲಿಗೆಯ ದೋನ್ಯಾ ಪೂರಾ ಅವರ ನಾಲ್ಕು ಮಕ್ಕಳು ನಮ್ಮನ್ನು ಕಿಟಕಿಯಿಂದ ನೋಡಿ, 'ನಾವೂ ಕುಳ್ಳರಾಗಬೇಕಾ' ಎಂದು ರಚ್ಚೆ ಹಿಡಿದು ಬೀದಿಗಿಳಿದವು. ಅವರಿಂದ ಮುಂದಿನ ಮನೆಯವರಿಗೂ ಹಬ್ಬಿತು. ಐದನೆಯ ದಿನಕ್ಕೆ ನಮ್ಮ ಬೀದಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಹನ್ನೊಂದು ಮಕ್ಕಳು ಡಬ್ಬ ಬಡಿಯುತ್ತಿದ್ದರು, ಮನೆಯೊಳಗೆ ದೊಡ್ಡವರು ಯಾರಿಗೂ ಕಣ್ಣು ಮುಚ್ಚಲಾಗುತ್ತಿರಲಿಲ್ಲ.

ದೋನ್ಯಾ ಪೂರಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಜಗಳಕ್ಕೆ ಬಂದರು. "ದೋನ್ ಫೌಸ್ತೋ, ಮೂವತ್ತು ವರ್ಷದಿಂದ ನೀವು ಬುದ್ಧಿವಂತರು ಅಂತ ಅಂದ್ಕೊಂಡಿದ್ದೆ."

"ತಪ್ಪೇನಿಲ್ಲ, ಹಾಗೇ ಅಂದ್ಕೊಳ್ಳಿ," ಎಂದರು ತಾತ. ಪುಸ್ತಕ ತಂದು, ಕಂಕುಳಲ್ಲಿದ್ದ ಆ ದಿನದ ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಚೀಟಿಯನ್ನು ಗಟ್ಟಿಯಾಗಿ ಓದಿದರು. ನಡುವೆ ಒಂದು ಕಡೆ ನಿಂತರು. ಪತ್ರಿಕೆಯನ್ನು ನೋಡಿದರು, ಚೀಟಿಯನ್ನು ನೋಡಿದರು. ಆಮೇಲೆ ಕೊನೆಯವರೆಗೂ ಓದಿ ಮುಗಿಸಿದರು. ಅಚ್ಚಾದದ್ದನ್ನು ಕಣ್ಣಾರೆ ಕಂಡ ಮೇಲೆ ದೋನ್ಯಾ ಪೂರಾ ಏನು ಮಾಡಬೇಕು, ಸೂಜಿ ಕಚ್ಚಿಕೊಂಡು ವಾಪಸ್ಸು ಹೋದರು.

ಮರುದಿನ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕ ಒಂದು ಕಂದು ಸೀಸೆ ನಿಂತಿತ್ತು.

"ಎಡಿಸನ್, ಪುಸ್ತಕ ತಾ," ಎಂದರು ತಾತ. "ನಿದ್ದೆ ವಿಷಯದಲ್ಲಿ ನನಗೊಂದು ಅನುಮಾನ. 'ಸ್ವೆನ್ಯೋ' ಅಂತ ನಿದ್ದೆಗೇ ಬೇರೆ ಪುಟ ಇದೆ ನೋಡು, ಅದೇ ಸಂಪುಟದಲ್ಲಿ ಸ್ವಲ್ಪ ಮುಂದೆ. ನೀನೇ ಓದಪ್ಪ, ನನ್ನ ಕನ್ನಡಕ ಎಲ್ಲೋ ಬಿಟ್ಟಿದೀನಿ."

ಕನ್ನಡಕ ಅವರ ಹಣೆಯ ಮೇಲಿತ್ತು. ಎಡಿಸನ್ ಪುಟ ತೆರೆದು ಬಿಳಿಚಿಕೊಂಡ. ಅಲ್ಲೊಂದು ಚೀಟಿ. ನಾವು ಅಂಟಿಸಿದ್ದಲ್ಲ.

"'ತಿದ್ದುಪಡಿ,'" ಎಂದು ಓದಿದ. ದನಿ ಇಳಿಯುತ್ತ ಹೋಯಿತು. "'ಮಧ್ಯಾಹ್ನ ಮಲಗದ ಮಕ್ಕಳಿಗೆ ದಿನಕ್ಕೆ ಎರಡು ದೊಡ್ಡ ಚಮಚ ಮೀನೆಣ್ಣೆ ಕುಡಿಸತಕ್ಕದ್ದು. ತಪ್ಪಿದಲ್ಲಿ ಮೈ ಬೆಳೆಯದೆ ಕಿವಿಗಳು ಮಾತ್ರ ಬೆಳೆಯುತ್ತವೆ.'"

ಅವನ ಕೈ ತಾನಾಗಿ ಕಿವಿಗೆ ಹೋಯಿತು.

"ಅಬ್ಬಾ, ಸದ್ಯ ನೋಡಿದ್ವಿ," ಎಂದರು ತಾತ ಸೀಸೆಯ ಮುಚ್ಚಳ ತಿರುಗಿಸುತ್ತ.

ಚೀಟಿ ಸುಳ್ಳೆಂದು ಹೇಳೋಣವೆಂದರೆ, ನಿಮಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಬಾಯಿ ತೆರೆದೆವು. ಆ ಎಣ್ಣೆಯ ವಾಸನೆ ನದಿಗೂ ನಮ್ಮ ಜೊತೆ ಬಂತು. ಹಿಪ್ಪುನೇರಳೆಗೂ ಅದೇ ರುಚಿ. ಚಿಕ್ಕಮ್ಮನನ್ನು ಕೊಟ್ಟಿಗೆಯ ಹಿಂದೆ ಅಡ್ಡಗಟ್ಟಿ ಕೇಳಿದೆವು.

"ಆ ಚೀಟಿ ನೀನೇ ಅಚ್ಚು ಹಾಕಿದ್ದು."

"ಹೌದು, ನಾನೇ."

"ನೀನು ನಮ್ಮ ಕಡೆಯವಳಲ್ವಾ?"

"ನಾನು ಅಚ್ಚುಕೂಟದವಳು," ಅಂದಳು ಚಿಕ್ಕಮ್ಮ. "ಯಾರು ಬರೆದು ಕೊಟ್ರೂ ಜೋಡಿಸ್ತೀನಿ. ಕಿವಿ ಬೆಳೆಯೋ ವಿಷಯ ಮಾತ್ರ ನಂದೇ, ಅಪ್ಪ ಬರೀ ಎಣ್ಣೆ ಅಂದಿದ್ರು."

ಮೂರು ದಿನ ಎಣ್ಣೆ ಕುಡಿದೆವು. ನಾಲ್ಕನೆಯ ದಿನ ನಾನು ಸೋತೆ. "ತಾತ, ತಿದ್ದುಪಡಿಗೇ ತಿದ್ದುಪಡಿ ಬರೋದುಂಟಾ?"

"ಬರಬಹುದು," ಎಂದರು ಯೋಚಿಸಿದವರ ಹಾಗೆ. "ಆದ್ರೆ ಪ್ರಕಾಶಕರು ಕೊಳೆ ಪಾತ್ರೆ ಇರೋ ಮನೆಗೆ ಕಳಿಸಲ್ಲ. ಒಂದು ತಿಂಗಳು ತೊಳೆದು ನೋಡಿ." ಅವರ ಮೀಸೆ ಅಲುಗುತ್ತಿತ್ತು. ಅಷ್ಟು ಹೇಳಿ, ನಮ್ಮಿಬ್ಬರ ಹೆಗಲ ಮೇಲೆ ಕೈಯಿಟ್ಟು ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ಮಲಗಿಸಿದರು. ಬೀದಿಯ ಮಿಕ್ಕ ಒಂಬತ್ತು ಮಕ್ಕಳೂ ಅದೇ ಹೊತ್ತಿಗೆ ಒಳಗೆ ಸೇರಿದರು. ಮೀನೆಣ್ಣೆಯ ಸುದ್ದಿಯೂ ಅಷ್ಟೇ ಬೇಗ ಹಬ್ಬಿತ್ತು.

ಅಂದು ಬಾಗಿಲ ಬಳಿ ನಿಂತು ತಾತ ಕಾರಣವನ್ನೂ ಹೇಳಿದರು. ನಮ್ಮೂರ ಪತ್ರಿಕೆಯ ಅಚ್ಚುಮೊಳೆಗಳಲ್ಲಿ ಒಂದು ಅಕ್ಷರ ಮುರಿದಿತ್ತು. ನಮ್ಮ ಸ್ಪ್ಯಾನಿಷಿನಲ್ಲಿ 'ಎನ್' ಅಕ್ಷರದ ತಲೆಯ ಮೇಲೆ ಒಂದು ಅಲೆಗೆರೆ ಎಳೆದರೆ ಅದು ಬೇರೆಯೇ ಅಕ್ಷರ. ಆ ಪತ್ರಿಕೆಯಲ್ಲಿ ಆ ಅಲೆಯ ಬಾಲ ತುಂಡಾಗಿತ್ತು, ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಗು ಎಂದು ಬರೆಯಲು ಆ ಅಕ್ಷರ ಬೇಕು. ವರ್ಷ ಎಂದು ಬರೆಯಲೂ ಬೇಕು. ನಮ್ಮ ಚೀಟಿಯಲ್ಲಿ ಮಕ್ಕಳೂ ಇದ್ದರು, ವರ್ಷವೂ ಇತ್ತು.

"ಅಷ್ಟು ದೊಡ್ಡ ಊರಿನ ಪ್ರಕಾಶಕರ ಹತ್ರಾನೂ ನಮ್ಮೂರ ಮುರುಕು ಮೊಳೆ ಹೇಗೆ ಬಂತು ಅಂತ ಯೋಚಿಸಿದೆ," ಎಂದು ಬಾಗಿಲು ಎಳೆದುಕೊಂಡರು.

ಇಷ್ಟೆಲ್ಲ ನೆನೆದು ನಾನೂ ಎಡಿಸನ್ನೂ ನೆಲದ ಮೇಲೆ ಕೂತು ನಕ್ಕು ಕಣ್ಣೊರೆಸಿಕೊಂಡೆವು. ಎರಡನೆಯ ಚೀಟಿಯೂ ತನ್ನ ಪುಟದಲ್ಲೇ ಇತ್ತು. ಎಡಿಸನ್ ಸುಮ್ಮನೆ ಕೂರುವವನಲ್ಲ. ಮುಂದಿನ 'ಟಿ' ಸಂಪುಟವನ್ನು ಎಳೆದು ಪುಟಗಳನ್ನು ಬೆರಳಿನಿಂದ ಜಾರಿಸುತ್ತ ಹೋದ. ಥಟ್ಟನೆ ನಿಂತ.

"ಅಕ್ಕಾ, ನಾವು ಇನ್ನೊಂದು ಅಂಟಿಸಿದ್ವಾ?"

"ಇಲ್ಲ. ತಿಂಗಳೆಲ್ಲ ಪಾತ್ರೆ ತೊಳೀತಿದ್ವಿ."

ಪುಟ 38. ತಕುವರೆಂಬೊ. ನಮ್ಮ ದೇಶದ್ದೇ ಒಂದು ಪ್ರಾಂತ್ಯ, ದನಗಳಿಗೆ ಹೆಸರಾದದ್ದು. ಪಕ್ಕದಲ್ಲಿ ಚೀಟಿ: '"ಜಾನುವಾರು ಸಾಕಣೆಗೆ ಪ್ರಸಿದ್ಧ" ಎಂದಿರುವುದರ ಮುಂದೆ, "ಇಲ್ಲಿಯ ಜನ ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಇಸ್ಪೀಟಿನಲ್ಲಿ ಮಾತ್ರ ಸುಳ್ಳು ಹೇಳುತ್ತಾರೆ, ಕಟ್ಟಿಕೊಂಡವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ" ಎಂದು ಸೇರಿಸಿ ಓದಿಕೊಳ್ಳುವುದು.'

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅನೀಬಲ್ ಚಿಕ್ಕಪ್ಪ ತಕುವರೆಂಬೊದವರು.

"ಚಿಕ್ಕಮ್ಮಾ," ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ಚಿಕ್ಕಮ್ಮ ಕೈಯೊರೆಸಿಕೊಳ್ಳುತ್ತ ಬಂದಳು. ಪುಟ ನೋಡಿದಳು. ಎಂಬತ್ತೆರಡು ವರ್ಷದ ಮುಖ ಕತ್ತಿನವರೆಗೂ ಕೆಂಪಾಯಿತು. ಮೊದಲು ಕೋಣೆಯ ಬಾಗಿಲು ಮುಚ್ಚಿದಳು.

"ಮೆಲ್ಲಗೆ ಮಾತಾಡಿ. ಅವನಿಗೆ ಬೇಕಾದ್ದು ಮಾತ್ರ ಕೇಳಿಸತ್ತೆ."

ಕತೆ ಹೊರಬಂತು. ತಾತ ಚಿಕ್ಕ ವಯಸ್ಸಿನಲ್ಲಿ ತಕುವರೆಂಬೊ ಸ್ಟೇಷನ್ನಿನಲ್ಲಿ ಎರಡು ವರ್ಷ ಇದ್ದರು. ಅಲ್ಲಿಯವರೊಡನೆ ಟ್ರೂಕೋ ಆಡಿ ಹನ್ನೊಂದು ಸಲ ಸತತವಾಗಿ ಸೋತಿದ್ದರು. ಎಲೆ ಕೆಟ್ಟದಿದ್ದರೂ ಒಳ್ಳೆಯದಿದೆ ಎಂದು ನಂಬಿಸುವುದೇ ಆ ಇಸ್ಪೀಟಾಟದ ಜೀವಾಳ. ಅಂದಿನಿಂದ ಆ ಊರಿನವರೆಲ್ಲ ಮುಖ ನೋಡಿ ಸುಳ್ಳು ಹೇಳುವವರು ಎಂದು ತಾತ ತೀರ್ಮಾನಿಸಿಬಿಟ್ಟಿದ್ದರು. ಚಿಕ್ಕಮ್ಮ ಮೆಚ್ಚಿದವನು ಆ ಊರಿನವನೇ, ದನದ ಡಾಕ್ಟರನ ಸಹಾಯಕ. ಒಂದು ವರ್ಷದಿಂದ ಮನೆಯಲ್ಲಿ ಹೆಸರೆತ್ತುವ ಧೈರ್ಯವಾಗಿರಲಿಲ್ಲ.

"ನೀವಿಬ್ರು ಬಂದು ಚೀಟಿ ಕೇಳಿದ್ರಲ್ಲ," ಅಂದಳು. "ಆವತ್ತೇ ತಲೆಗೆ ಹೊಳೀತು. 'ಎಸ್' ಆದ್ಮೇಲೆ 'ಟಿ' ತಾನೇ. ನಿಮ್ಮನ್ನ ಮೊದಲು ಕಳಿಸಿ ನೋಡಿದೆ, ಎಲ್ಲಿ ಸಿಕ್ಕಿಬೀಳ್ತೀರಾ ಅಂತ."

"ನಮ್ಮನ್ನ ನೀರಿನ ಆಳ ನೋಡೋ ಕೋಲು ಮಾಡ್ಕೊಂಡ್ಯಾ?" ಎಡಿಸನ್‌ಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಮೀನೆಣ್ಣೆ ಕುಡಿದದ್ದು ನಾನು."

"ಕುಡಿದು ಏನಾಯ್ತು ಈಗ? ಕಿವಿ ಸರಿಯಾಗೇ ಇದೆ."

"ತಾತ ಹೇಗೆ ನಂಬಿದ್ರು?" ಎಂದೆ ನಾನು. "ಒಂದು ಸಲ ಮೋಸ ಹೋದೋರು."

"ನಂಬಲಿಲ್ಲ. ಭೂತಗನ್ನಡಿ ತಂದ್ರು. ನೀವು ಮಾಡಿದ ಘನಕಾರ್ಯ ಆದ್ಮೇಲೆ ಹದಿನಾಲ್ಕು ಸಂಪುಟದ ಚೀಟಿನೂ ಹಾಗೆ ನೋಡಿ ಮುಗಿಸಿದ್ರು, ಆ ಮುರುಕು ಅಕ್ಷರಕ್ಕೋಸ್ಕರ. ಇದನ್ನೂ ಹತ್ತು ನಿಮಿಷ ನೋಡಿದ್ರು. ಸಿಗಲಿಲ್ಲ." ಚಿಕ್ಕಮ್ಮ ಚೀಟಿಯ ಮೇಲೆ ಬೆರಳಾಡಿಸಿದಳು. "ಒಂದು ಸಲಾನೂ ಆ ಅಕ್ಷರ ಬರದ ಹಾಗೆ ಬರೆದೆ. ಯಜಮಾನ ಅನ್ನೋ ಹಾಗಿಲ್ಲ, ಮಗು ಅನ್ನೋ ಹಾಗಿಲ್ಲ, ವರ್ಷ ಅನ್ನೋ ಹಾಗಿಲ್ಲ. ಮೂರು ರಾತ್ರಿ ಹಿಡೀತು. ಮದುವೆ ಬಗ್ಗೆ ಹಾಗೆ ಬರೆದು ನೋಡು, ಗೊತ್ತಾಗತ್ತೆ."

"ಆಮೇಲೆ?"

"ಆಮೇಲೆ ಊಟಕ್ಕೆ ಕೂತು, 'ಆ ತಕುವರೆಂಬೊ ಹುಡುಗನ್ನ ಭಾನುವಾರ ಕರಿ' ಅಂದ್ರು. ನಾನು ಹುಡುಗನ ಹೆಸರೇ ಎತ್ತಿರಲಿಲ್ಲ ಕಣೇ."

ತಾತನಿಗೆ ಎಷ್ಟು ಗೊತ್ತಿತ್ತು ಎಂದು ಕೇಳಲು ಈಗ ತಾತನಿಲ್ಲ.

ಬಾಗಿಲು ತಳ್ಳಿಕೊಂಡು ಅನೀಬಲ್ ಚಿಕ್ಕಪ್ಪ ಒಳಗೆ ಬಂದರು, ಕೈಯಲ್ಲಿ ಬುರುಡೆ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. "ಏನು ಬಾಗಿಲು ಹಾಕ್ಕೊಂಡು ನಗಾಡ್ತಿದೀರಿ?" ಎಂದು ಕೇಳಿ, ನನ್ನ ತೊಡೆಯ ಮೇಲಿದ್ದ ಸಂಪುಟವನ್ನು ನೋಡಿದರು. ಮುಖ ಅರಳಿತು. "ಆ, ಅದನ್ನ ಮಾತ್ರ ನೀವು ತಗೊಂಡು ಹೋಗೋ ಹಾಗಿಲ್ಲ. ಬೇರೆ ಏನ್ ಬೇಕಾದ್ರೂ ತಗೊಳ್ಳಿ. ಅದರಲ್ಲಿ ನಮ್ಮೂರಿದೆ."

ಬುರುಡೆಯನ್ನು ಎಡಿಸನ್ ಕೈಗೆ ಕೊಟ್ಟು, ಪುಸ್ತಕವನ್ನು ಎರಡೂ ಕೈಯಿಂದ ಎತ್ತಿಕೊಂಡು, ಚೀಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದರು. ಕಾಗದ ನೋಡಬೇಕಾದ ಅಗತ್ಯವೇ ಅವರಿಗಿರಲಿಲ್ಲ.

"ನೋಡಿ, ನಮ್ಮವರು ಹೇಳ್ಕೊಂಡಿದ್ದಲ್ಲ ಇದು. ಹೊರದೇಶದ ಪ್ರಕಾಶಕರು, ನಮ್ಮನ್ನ ಕಂಡೂ ಇಲ್ಲ. ಮೊದಲು ಬರೆಯೋದು ಮರೆತುಬಿಟ್ಟು, ಆಮೇಲೆ ಮನಸ್ಸು ತಡೀದೆ ಚೀಟಿ ಹಾಕಿ ಸೇರಿಸಿದಾರೆ. ನಮ್ಮ ಮಾವ ಮದುವೆ ದಿನ ನನ್ನನ್ನ ಈ ಕೋಣೆಗೇ ಕರ್ಕೊಂಡು ಬಂದು ತೋರಿಸಿದ್ರು. 'ನಿಮ್ಮೂರಿನ ಹೆಸರು ಕೆಡಿಸಬೇಡಪ್ಪ, ಅಚ್ಚಾಗಿಬಿಟ್ಟಿದೆ' ಅಂದ್ರು."

ಎಡಿಸನ್ ಬಾಯಿ ತೆರೆದ. ಚಿಕ್ಕಮ್ಮ ಅವನ ಕಾಲು ತುಳಿದಳು. ಅವನು ಕೊಳವೆಯನ್ನು ಬಾಯಿಗಿಟ್ಟುಕೊಂಡು ಮಾಟೆ ಹೀರಿದ.

ಊಟವಾಯಿತು. ಮಲಗಿ ಎದ್ದೂ ಆಯಿತು. ಸಂಜೆ ಪುಸ್ತಕಗಳನ್ನು ಕಾರಿಗೆ ತುಂಬುವಾಗ ಚಿಕ್ಕಮ್ಮ ಕೊನೆಯ ಸಂಪುಟವನ್ನು ಎದೆಗವಚಿಕೊಂಡು ಬಂದು ನನ್ನ ಪಕ್ಕ ನಿಂತಳು.

"ಹೇಳ್ಬಿಡೋಣ ಅಂತ ಎಷ್ಟೋ ಸಲ ಅನ್ಕೊಂಡಿದ್ದುಂಟು," ಎಂದಳು. "ಮದುವೆ ಆದ ಹೊಸದರಲ್ಲಿ ಒಂದು ಸಲ ಜಗಳ ಆಡಿ, ನಾಲಿಗೆ ತುದೀಗೇ ಬಂದಿತ್ತು. ಅಷ್ಟರಲ್ಲಿ ಅವನೇ ಎದ್ದು ಹೋಗಿ, ಆ ಪುಟ ತೆಗೆದು ಓದ್ಕೊಂಡು ಬಂದು, 'ತಪ್ಪು ನಂದೇ' ಅಂದ. ಆಮೇಲೆ ನಾನು ಯಾಕೆ ಬಾಯಿ ಬಿಡ್ಲಿ? ಹುಚ್ಚಾ ನಂಗೆ?"

ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೈ ಬೀಸಿದರು. ಹದಿಮೂರು ಸಂಪುಟಗಳ ಭಾರಕ್ಕೆ ಕಾರಿನ ಹಿಂಭಾಗ ತಗ್ಗಿತ್ತು. ಊರು ದಾಟುವವರೆಗೂ ಎಡಿಸನ್ ಒಂದು ಮಾತೂ ಆಡಲಿಲ್ಲ. ಅವನನ್ನು ನಾನು ಬಲ್ಲೆ. ಯಾರಿಗೆ ಯಾವ ಪುಟದಲ್ಲಿ ಏನು ಬರೆಯಬಹುದು ಎಂದು ಅವನಾಗಲೇ ಯೋಚಿಸತೊಡಗಿದ್ದ.